ಹೊಸ ಬೈಕ್‌ನ ಮೊದಲ ಆಯಿಲ್ ಚೇಂಜ್: ಯಾವ ಎಣ್ಣೆ, ಎಷ್ಟು, ಯಾವಾಗ?

ಹೊಸ ಗಾಡಿ ಕೊಂಡವರು ತಿಂಗಳೊಪ್ಪತ್ತಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮೊದಲ ಸರ್ವಿಸ್‌ಗೆ ಶೋರೂಂನವರು ಕರೆದಿದ್ದಾರೆ, ಅವರು ಹಾಕುವ ಆಯಿಲ್ ಸಾಕೇ? ಅಂಗಡಿಯಿಂದ ಇನ್ನೂ ಒಳ್ಳೆಯದನ್ನು ನಾವೇ ತಂದು ಕೊಡೋಣವೇ? ಸಿಂಥೆಟಿಕ್ ಈಗಲೇ ಹಾಕಿಸಬಹುದೇ? ನಮ್ಮ ಊರಿನ ಬಿಸಿಲಿಗೆ ಗಟ್ಟಿ ಎಣ್ಣೆ ಬೇಡವೇ?

ಮೊದಲು ಉತ್ತರ ಹೇಳಿಬಿಡುತ್ತೇನೆ. ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ಬರೆದಿರುವ ದರ್ಜೆಯ ಎಣ್ಣೆಯನ್ನು, ಅಲ್ಲಿ ಹೇಳಿರುವ ಅಳತೆಗೆ, ಹೇಳಿರುವ ಹೊತ್ತಿಗೆ ಹಾಕಿಸಿ. ಬ್ರಾಂಡ್ ಯಾವುದು ಎಂಬುದು ಕೊನೆಯ ಪ್ರಶ್ನೆ. ಇಷ್ಟು ಸರಳವಾದ ಕೆಲಸ ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಡಬ್ಬಿಯ ಮೇಲಿನ ಅಕ್ಷರಗಳನ್ನು ಓದದೆ ಕೊಂಡಾಗ, ಮತ್ತು ವರ್ಕ್‌ಶಾಪ್‌ನಲ್ಲಿ ಗಾಡಿ ಬಿಟ್ಟು ಸುಮ್ಮನೆ ಹೊರಟುಹೋದಾಗ. ಆದ್ದರಿಂದ ಈ ಎರಡನ್ನೇ ಇಲ್ಲಿ ಹೆಚ್ಚು ಬಿಡಿಸಿ ಹೇಳಿದ್ದೇನೆ. ಮುಖ್ಯವಾಗಿ ಬೈಕ್ ಮತ್ತು ಸ್ಕೂಟರ್‌ಗಳ ಬಗ್ಗೆ. ಕಾರಿನವರಿಗೆ ಕೊನೆಯ ಹೊತ್ತಿಗೆ ನಾಲ್ಕು ಮಾತು.

ಮೊದಲ ಎಣ್ಣೆಯನ್ನು ಇಷ್ಟು ಬೇಗ ತೆಗೆಯುವುದೇಕೆ?

ಹೊಸ ಎಂಜಿನ್‌ನ ಸಿಲಿಂಡರ್ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಎಣ್ಣೆ ನಿಲ್ಲಲೆಂದು ಕಾರ್ಖಾನೆಯಲ್ಲೇ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸೂಕ್ಷ್ಮ ಗೆರೆಗಳನ್ನು ಉಜ್ಜಿರುತ್ತಾರೆ. ಪಿಸ್ಟನ್‌ಗೆ ಸುತ್ತಿರುವ ರಿಂಗ್‌ಗಳು ಈ ಗೆರೆಗಳ ಮೊನಚನ್ನು ಸವೆಸಿ, ತಾವೂ ಸವೆದು, ಗೋಡೆಗೆ ಸರಿಯಾಗಿ ಕೂರಬೇಕು. ಗೇರ್ ಹಲ್ಲುಗಳೂ ಹಾಗೆಯೇ ಪರಸ್ಪರ ಹೊಂದಿಕೊಳ್ಳಬೇಕು. ಈ ಸವೆತದ ಲೋಹದ ಪುಡಿ, ಹೊಸ ಕ್ಲಚ್ ಪ್ಲೇಟ್‌ಗಳಿಂದ ಉದುರಿದ ಚೂರು, ಜೋಡಣೆಯ ವೇಳೆ ಹಚ್ಚಿದ ಗ್ರೀಸ್ ಮತ್ತು ಅಂಟಿನ ಉಳಿಕೆ ಎಲ್ಲವೂ ಮೊದಲ ಎಣ್ಣೆಯಲ್ಲಿ ಸೇರುತ್ತವೆ. ಮೊದಲ ಸರ್ವಿಸ್‌ನಲ್ಲಿ ಬಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪಿನ ನಡುವೆ ಬೆಳ್ಳಿಯ ಹೊಳಪು ತೇಲುತ್ತಿರುತ್ತದೆ. ಡ್ರೈನ್ ಬೋಲ್ಟ್‌ನ ತುದಿಯಲ್ಲಿ ಅಯಸ್ಕಾಂತ ಇರುವ ಗಾಡಿಯಾದರೆ ಅದಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಮೆತ್ತಿಕೊಂಡಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಬೆರಳಿಗೆ ಚುಚ್ಚುವಂಥ ಚೂರುಗಳಿದ್ದರೆ ಮಾತ್ರ ಅಲ್ಲೇ ನಿಂತು ಕೇಳಬೇಕು.

ಅನೇಕ ಸಣ್ಣ ಬೈಕ್‌ಗಳಲ್ಲಿ ಕಾರಿನಲ್ಲಿರುವಂಥ ಕಾಗದದ ಆಯಿಲ್ ಫಿಲ್ಟರ್ ಇರುವುದಿಲ್ಲ. ಒಂದು ಲೋಹದ ಜಾಲರಿ, ಜೊತೆಗೆ ತಿರುಗುವ ವೇಗಕ್ಕೆ ಕಸವನ್ನು ಅಂಚಿಗೆ ಎಸೆಯುವ ಒಂದು ಬಟ್ಟಲು, ಅಷ್ಟೇ. ಜಾಲರಿಯಲ್ಲಿ ನುಸುಳುವಷ್ಟು ಸಣ್ಣ ಪುಡಿ ಎಣ್ಣೆಯೊಡನೆ ಸುತ್ತುತ್ತಲೇ ಇರುತ್ತದೆ. ಅಂಥ ಗಾಡಿಗಳಲ್ಲಿ ಮೊದಲ ಆಯಿಲ್ ಚೇಂಜ್ ಮುಂದೂಡುವುದು ಸರಿಯಲ್ಲ.

1. ಕೈಪಿಡಿಯಿಂದ ಐದು ಸಂಗತಿ ಬರೆದುಕೊಳ್ಳಿ

ಸೀಟಿನಡಿ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿರುವ ಪುಸ್ತಕವನ್ನು ಹೊರತೆಗೆಯಿರಿ. ಕಳೆದುಹೋಗಿದ್ದರೆ ಕಂಪನಿಯ ಜಾಲತಾಣದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಎಣ್ಣೆಯ ಮಂದತನದ ದರ್ಜೆ, ಎಪಿಐ ಅಕ್ಷರಗಳು, ಜಾಸೊ ಗುರುತು (ಇವೆರಡರ ಅರ್ಥವನ್ನು ಮುಂದೆ ಹೇಳಿದ್ದೇನೆ), ಎಷ್ಟು ಎಣ್ಣೆ ಹಿಡಿಯುತ್ತದೆ, ಯಾವಾಗ ಬದಲಿಸಬೇಕು: ಈ ಐದನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಅಳತೆಯ ಜಾಗದಲ್ಲಿ ಎರಡು ಮೂರು ಸಂಖ್ಯೆಗಳಿರಬಹುದು. ಎಣ್ಣೆ ಬಸಿದು ತುಂಬುವಾಗ ಒಂದು, ಫಿಲ್ಟರ್ ಕೂಡ ಬದಲಿಸಿದಾಗ ಸ್ವಲ್ಪ ಹೆಚ್ಚು, ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಇನ್ನೂ ಹೆಚ್ಚು. ಸರ್ವಿಸ್‌ಗೆ ಬೇಕಾದದ್ದು ಮೊದಲನೆಯದು ಅಥವಾ ಎರಡನೆಯದು. ಅನೇಕರು ಎಡವುವುದು ಇಲ್ಲಿಯೇ: ಗಾಡಿಗೆ ಬೇಕಾದದ್ದು ಲೀಟರ್‌ಗಿಂತ ಕಡಿಮೆ, ಡಬ್ಬಿ ಒಂದು ಲೀಟರ್, ಉಳಿಸುವುದೇಕೆಂದು ಪೂರ್ತಿ ಸುರಿಯುತ್ತಾರೆ. ಹೆಚ್ಚಾದ ಎಣ್ಣೆಯನ್ನು ಒಳಗೆ ತಿರುಗುವ ಭಾಗಗಳು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಾದ ಎಣ್ಣೆ ಸವೆತ ತಡೆಯಲಾರದು. ಎಣ್ಣೆ ಉಸಿರುಕೊಳವೆಯಿಂದ ಏರ್ ಫಿಲ್ಟರ್‌ವರೆಗೂ ಹೋಗಬಹುದು, ಸೀಲ್‌ಗಳ ಬಳಿ ಜಿನುಗಬಹುದು. ಕಡಿಮೆಯಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ಕೆಡುಕೇ.

2. ದಿನ ಗೊತ್ತುಮಾಡಿ

ನಮ್ಮಲ್ಲಿ ಬಹುತೇಕ ದ್ವಿಚಕ್ರ ವಾಹನಗಳ ಮೊದಲ ಸರ್ವಿಸ್ 500ರಿಂದ 1000 ಕಿ.ಮೀ. ಒಳಗೆ ಬರುತ್ತದೆ. ಜೊತೆಗೆ ದಿನಗಳ ಮಿತಿಯೂ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ಬಂದರೆ ಅದೇ ಲೆಕ್ಕ. ‘ತಿಂಗಳಲ್ಲಿ ಇನ್ನೂ 200 ಕಿ.ಮೀ. ಆಗಿಲ್ಲ, ಮುಂದಿನ ತಿಂಗಳು ನೋಡೋಣ’ ಎಂದು ಬಿಟ್ಟರೆ ಉಚಿತ ಸರ್ವಿಸ್‌ನ ಕೂಪನ್ ವ್ಯರ್ಥವಾಗುತ್ತದೆ, ಮುಂದೆ ವಾರಂಟಿಯ ಮಾತು ಬಂದಾಗಲೂ ತಕರಾರು ಏಳುತ್ತದೆ. ‘ಉಚಿತ’ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ; ಎಣ್ಣೆ, ಫಿಲ್ಟರ್, ವಾಷರ್‌ಗಳಿಗೆ ಹಣ ಕೊಡಬೇಕು. ಬಿಲ್ ನೋಡಿ ಜಗಳಕ್ಕೆ ನಿಲ್ಲಬೇಡಿ.

ಕೈಪಿಡಿಯ ಸರ್ವಿಸ್ ಪಟ್ಟಿಯಲ್ಲಿ ಎಣ್ಣೆಯ ಸಾಲಿನ ಎದುರು ಒಂದೊಂದು ಅಕ್ಷರ ಇರುತ್ತದೆ. ಸಾಮಾನ್ಯವಾಗಿ ‘ಆರ್’ ಎಂದರೆ ಬದಲಿಸಬೇಕು, ‘ಐ’ ಎಂದರೆ ಪರೀಕ್ಷಿಸಿದರೆ ಸಾಕು. ಅರ್ಥವನ್ನು ಅದೇ ಪುಟದ ಅಡಿಯಲ್ಲಿ ಕೊಟ್ಟಿರುತ್ತಾರೆ. ಮೊದಲ ಸರ್ವಿಸ್‌ಗೆ ‘ಐ’ ಎಂದೇ ಇದ್ದರೂ, ಕಾಗದದ ಫಿಲ್ಟರ್ ಇಲ್ಲದ ಗೇರ್ ಬೈಕ್ ಆದರೆ ಹಣ ಕೊಟ್ಟು ಬದಲಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. 50 ಕಿ.ಮೀ.ಗೊಮ್ಮೆ, 100 ಕಿ.ಮೀ.ಗೊಮ್ಮೆ ಬದಲಿಸುವ ಅತಿ ಉತ್ಸಾಹ ಬೇಡ. ಗಾಡಿಗೆ ಅದರಿಂದ ತೊಂದರೆಯಿಲ್ಲ, ಆದರೆ ದಿನಬಳಕೆಯ ಗಾಡಿಗೆ ಅಷ್ಟು ಖರ್ಚು ತಕ್ಕುದಲ್ಲ.

3. ಸಂಖ್ಯೆಗಳನ್ನು ಓದಿ: 10ಡಬ್ಲ್ಯೂ-30 ಎಂದರೇನು?

ಇದು ಎಸ್‌ಎಇ, ಅಂದರೆ ಅಮೆರಿಕದ ವಾಹನ ಎಂಜಿನಿಯರ್‌ಗಳ ಸಂಸ್ಥೆ ಗೊತ್ತುಮಾಡಿದ ದರ್ಜೆ. ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಬೇಸಿಗೆಯಲ್ಲಿ ನೀರಿನಂತಿದ್ದ ತೆಂಗಿನೆಣ್ಣೆ ಮಾಗಿಯ ಚಳಿಗೆ ಹೆಪ್ಪುಗಟ್ಟುವುದನ್ನು ಮನೆಯಲ್ಲೇ ನೋಡಿದ್ದೀರಿ. ಎಂಜಿನ್ ಆಯಿಲ್ ಕೂಡ ತಣ್ಣಗಾದಷ್ಟೂ ಮಂದ, ಬಿಸಿಯಾದಷ್ಟೂ ತೆಳು. ಆದ್ದರಿಂದಲೇ ಎರಡು ಸಂಖ್ಯೆ.

ಡಬ್ಲ್ಯೂ ಜೊತೆಗಿನ ಸಂಖ್ಯೆ ಚಳಿಯದು. ಕಡಿಮೆಯಾದಷ್ಟೂ ತಣ್ಣನೆಯ ಎಂಜಿನ್‌ನಲ್ಲಿ ಎಣ್ಣೆ ಬೇಗ ಹರಿಯುತ್ತದೆ. 20ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯೂ ಎಣ್ಣೆಯನ್ನು 25 ಡಿಗ್ರಿ ಕೆಳಗೆ. ಮಡಿಕೇರಿಯ ಡಿಸೆಂಬರ್ ಬೆಳಗ್ಗೆಯೂ ಈ ಲೆಕ್ಕದ ಹತ್ತಿರ ಸುಳಿಯುವುದಿಲ್ಲ. ಹಾಗೆಂದು ಆ ಸಂಖ್ಯೆ ನಮಗೆ ನಿರುಪಯೋಗಿ ಅಲ್ಲ: ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಣ್ಣೆ ಎಂಜಿನ್‌ನ ತಲೆಯವರೆಗೆ ಬೇಗ ತಲುಪಿದಷ್ಟೂ ಒಳಿತು.

ಎರಡನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಮಂದತನ. ಸೆಂಟಿಸ್ಟೋಕ್ಸ್ ಎಂಬ ಅಳತೆಯಲ್ಲಿ 30 ದರ್ಜೆ 9.3ರಿಂದ 12.5ರ ಒಳಗೆ, 40 ದರ್ಜೆ 12.5ರಿಂದ 16.3ರ ಒಳಗೆ, 50 ದರ್ಜೆ 16.3ರಿಂದ 21.9ರ ಒಳಗೆ ಇರಬೇಕು.

ಬಿಸಿಲೂರಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಲಬುರಗಿ, ರಾಯಚೂರಿನ ಕಡೆಯ ಓದುಗರು ‘ನಮ್ಮಲ್ಲಿ 42 ಡಿಗ್ರಿ ಬಿಸಿಲು, 10ಡಬ್ಲ್ಯೂ-30 ನೀರಾಗಿಬಿಡುತ್ತದೆ, 20ಡಬ್ಲ್ಯೂ-50 ಹಾಕಿ ಎಂದು ಮೆಕ್ಯಾನಿಕ್ ಹೇಳುತ್ತಾರೆ’ ಎನ್ನುತ್ತಾರೆ. ದರ್ಜೆ ಅಳೆಯುವುದೇ 100 ಡಿಗ್ರಿಯಲ್ಲಿ. ಹೊರಗಿನ ಬಿಸಿಲು ಎಂಜಿನ್ ತಣಿಯುವುದನ್ನು ನಿಧಾನಿಸುತ್ತದೆ, ನಿಜ. ಆದರೆ ನಮ್ಮ ದೇಶದಲ್ಲಿ ಮಾರುವ ಗಾಡಿಗೆ ದರ್ಜೆ ಗೊತ್ತುಮಾಡುವಾಗ ಕಂಪನಿ ನಮ್ಮ ದೇಶದ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರುತ್ತದೆ. ಕೆಲವು ಕೈಪಿಡಿಗಳಲ್ಲಿ ಹೊರಗಿನ ತಾಪಮಾನಕ್ಕೆ ತಕ್ಕಂತೆ ಬೇರೆ ಬೇರೆ ದರ್ಜೆಗಳ ಪಟ್ಟಿ ಇರುತ್ತದೆ. ಇದ್ದರೆ ಅದನ್ನು ಅನುಸರಿಸಿ. ಇಲ್ಲದಿದ್ದರೆ ಗಟ್ಟಿ ಎಣ್ಣೆಯ ಮೋಹ ಬಿಡಿ. ಹೊಸ ಎಂಜಿನ್‌ನಲ್ಲಿ ಭಾಗಗಳ ನಡುವಿನ ಸಂದು ಇನ್ನೂ ಬಿಗಿ. ಗಟ್ಟಿ ಎಣ್ಣೆ ಅಲ್ಲಿಗೆ ತಡವಾಗಿ ಇಳಿಯುತ್ತದೆ, ಮೈಲೇಜ್ ಕೂಡ ತಗ್ಗುತ್ತದೆ. ಮೈಲೇಜ್ ಹೆಚ್ಚಲೆಂದು ಹೇಳಿದ್ದಕ್ಕಿಂತ ತೆಳು ಎಣ್ಣೆ ಹಾಕುವುದೂ ಅಷ್ಟೇ ತಪ್ಪು.

4. ಜಾಸೊ ಗುರುತು: ಬೈಕ್‌ನವರು ಬಿಡಲೇಬಾರದ ಅಕ್ಷರಗಳು

ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಅತಿ ಮುಖ್ಯವಾದ ಭಾಗ ಇದು. ಅಂಗಡಿಗಳಲ್ಲಿ ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ.

ಕಾರಿನಲ್ಲಿ ಎಂಜಿನ್ ಎಣ್ಣೆಯೇ ಬೇರೆ, ಗೇರ್‌ಬಾಕ್ಸ್ ಎಣ್ಣೆಯೇ ಬೇರೆ; ಗೇರ್ ಹಾಕುವ ಕಾರುಗಳ ಕ್ಲಚ್ ಸಾಮಾನ್ಯವಾಗಿ ಒಣಗಿರುತ್ತದೆ. ಗೇರ್ ಇರುವ ನಮ್ಮ ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಇದನ್ನು ವೆಟ್ ಕ್ಲಚ್, ಅಂದರೆ ಎಣ್ಣೆಯಲ್ಲಿ ನೆನೆದ ಕ್ಲಚ್ ಎನ್ನುತ್ತಾರೆ. ಎಂಜಿನ್‌ಗೆ ಬೇಕಾದದ್ದು ಜಾರುವಿಕೆ, ಕ್ಲಚ್‌ಗೆ ಬೇಕಾದದ್ದು ಹಿಡಿತ. ಒಂದೇ ಎಣ್ಣೆ ಎರಡನ್ನೂ ನಿಭಾಯಿಸಬೇಕು.

ಕಾರಿನ ಎಣ್ಣೆಗಳಿಗೆ, ಮುಖ್ಯವಾಗಿ ಇಂಧನ ಉಳಿಸುವ ತೆಳು ಎಣ್ಣೆಗಳಿಗೆ, ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅಂಥ ಎಣ್ಣೆ ವೆಟ್ ಕ್ಲಚ್‌ಗೆ ಬಿದ್ದರೆ ಪ್ಲೇಟ್‌ಗಳು ಜಾರತೊಡಗುತ್ತವೆ: ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಏರುರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಾಗೇ ಓಡಿಸಿದರೆ ಪ್ಲೇಟ್‌ಗಳು ಸುಡುತ್ತವೆ.

ಇದನ್ನು ತಪ್ಪಿಸಲೆಂದೇ ಜಪಾನಿನ ವಾಹನ ಮಾನದಂಡ ಸಂಸ್ಥೆ ಜಾಸೊ, ನಾಲ್ಕು ಸ್ಟ್ರೋಕ್‌ನ ದ್ವಿಚಕ್ರ ಎಂಜಿನ್‌ಗಳ ಎಣ್ಣೆಗೆ ಪ್ರತ್ಯೇಕ ಗುರುತು ಕೊಟ್ಟಿದೆ. ಕ್ಲಚ್ ಹಿಡಿತ ಕಾಯುವ ಎಣ್ಣೆಗೆ ‘ಎಂಎ’. ಅದರೊಳಗೇ ಹಿಡಿತ ತುಸು ಕಡಿಮೆಯಿರುವುದು ‘ಎಂಎ1’, ಹೆಚ್ಚಿರುವುದು ‘ಎಂಎ2’. ಘರ್ಷಣೆ ಕಡಿಮೆಯಿರುವ ಎಣ್ಣೆಗೆ ‘ಎಂಬಿ’. ಇದು ಗೇರ್‌ಲೆಸ್ ಸ್ಕೂಟರ್‌ಗಳಿಗೆ, ಏಕೆಂದರೆ ಅಲ್ಲಿ ಕ್ಲಚ್ ಎಣ್ಣೆಯ ಹೊರಗೆ ಒಣಗಿರುತ್ತದೆ.

ಉದಾಹರಣೆಗೆ ಹೋಂಡಾ ಆಕ್ಟಿವಾಕ್ಕೆ 10ಡಬ್ಲ್ಯೂ-30, ಎಂಬಿ. ಹೀರೊ ಸ್ಪ್ಲೆಂಡರ್‌ಗೆ ಅದೇ 10ಡಬ್ಲ್ಯೂ-30, ಆದರೆ ಎಂಎ. ರಾಯಲ್ ಎನ್‌ಫೀಲ್ಡ್‌ನ ಈಗಿನ 350 ಸಿಸಿ ಗಾಡಿಗಳಿಗೆ 15ಡಬ್ಲ್ಯೂ-50, ಎಂಎ2. ಮೊದಲಿನ ಎರಡನ್ನು ಗಮನಿಸಿ: ಸಂಖ್ಯೆ ಒಂದೇ, ಎಣ್ಣೆ ಬೇರೆ. ಮನೆಯಲ್ಲಿ ಬೈಕ್ ಮತ್ತು ಸ್ಕೂಟರ್ ಎರಡೂ ಇದ್ದು ಸ್ಕೂಟರ್‌ಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಬೈಕ್‌ಗೆ ಸುರಿಯುವವರು ಇಲ್ಲಿ ಎಚ್ಚರವಹಿಸಬೇಕು. ಎಂಎ ಎಣ್ಣೆ ಸ್ಕೂಟರ್‌ಗೆ ಬಿದ್ದರೆ ಎಂಜಿನ್ ಕೆಡುವುದಿಲ್ಲ, ಮೈಲೇಜ್ ಒಂದಿಷ್ಟು ಇಳಿಯಬಹುದು. ಎಂಬಿ ಎಣ್ಣೆ ಗೇರ್ ಬೈಕ್‌ಗೆ ಬೀಳಬಾರದು. ನಿಮ್ಮ ಗಾಡಿಯ ವರ್ಷ, ಮಾದರಿಗೆ ತಕ್ಕಂತೆ ಈ ವಿವರಗಳು ಬದಲಾಗಬಹುದಾದ್ದರಿಂದ ಕೈಪಿಡಿಯದೇ ಕೊನೆಯ ಮಾತು.

ಡಬ್ಬಿಯ ಹಿಂಬದಿಯಲ್ಲಿ ಜಾಸೊ ಗುರುತಿನ ಚೌಕವನ್ನು ಹುಡುಕಿ. ನೋಂದಾಯಿತ ಎಣ್ಣೆಯಾದರೆ ಚೌಕದ ಮೇಲ್ಭಾಗದಲ್ಲಿ ಒಂದು ಸಂಕೇತ ಸಂಖ್ಯೆ, ಅದರಡಿ ದೊಡ್ಡದಾಗಿ ಎಂಎ2 ಅಥವಾ ಎಂಬಿ ಎಂದಿರುತ್ತದೆ.

5. ಎಪಿಐ ಅಕ್ಷರಗಳು

ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಣ್ಣೆಯ ಗುಣಮಟ್ಟಕ್ಕೆ ಕೊಡುವ ಗುರುತು ಇದು. ‘ಎಸ್’ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್, ‘ಸಿ’ ಇಂದ ಶುರುವಾದರೆ ಡೀಸೆಲ್. ಎರಡನೆಯ ಅಕ್ಷರ ಮುಂದುಮುಂದಕ್ಕೆ ಹೋದಷ್ಟೂ ಹೊಸ ಮಾನದಂಡ: ಎಸ್‌ಎಲ್ 2001ರದು, ಎಸ್‌ಎಂ 2004ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಕೈಪಿಡಿ ಎಸ್‌ಎಲ್ ಎಂದರೆ ಎಸ್‌ಎನ್ ಹಾಕಬಹುದು, ಜಾಸೊ ಗುರುತು ಮತ್ತು ದರ್ಜೆ ಸರಿಯಿದ್ದರೆ ಮಾತ್ರ.

ಹಳ್ಳಿಗಳಲ್ಲಿ ಟ್ರ್ಯಾಕ್ಟರ್‌ಗೆಂದು ತಂದ ಡಬ್ಬಿಯಿಂದಲೇ ಬೈಕ್‌ಗೂ ಹಾಕುವ ರೂಢಿ ಇದೆ. ಡಬ್ಬಿಯ ಮೇಲೆ ಸಿಐ-4 ಜೊತೆಗೆ ಎಸ್‌ಎಲ್ ಎಂದೂ ಬರೆದಿರುವುದರಿಂದ ಸರಿಯೆಂದೇ ತೋರುತ್ತದೆ. ಜಾಸೊ ಗುರುತಿಲ್ಲದಿದ್ದರೆ ಹೊಸ ಬೈಕ್‌ಗೆ ಅದು ಬೇಡ.

6. ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್

ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದದ್ದು ಮಿನರಲ್. ರಾಸಾಯನಿಕ ಪ್ರಕ್ರಿಯೆಯಿಂದ ಅಣುಗಳನ್ನೇ ಹದಗೊಳಿಸಿ ಅಥವಾ ಹೊಸದಾಗಿ ಜೋಡಿಸಿ ಮಾಡಿದ್ದು ಸಿಂಥೆಟಿಕ್. ಎರಡರ ಮಿಶ್ರಣ ಸೆಮಿ ಸಿಂಥೆಟಿಕ್. ಸಿಂಥೆಟಿಕ್ ಬಿಸಿ ತಡೆಯುವುದರಲ್ಲಿ ಮೇಲು, ಬಾಳಿಕೆಯಲ್ಲೂ ಮೇಲು, ಬೆಲೆಯಲ್ಲೂ ಮೇಲು.

‘ಹೊಸ ಎಂಜಿನ್‌ಗೆ ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದಿಲ್ಲ’ ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಕಾರ್ಖಾನೆಯಿಂದಲೇ ಸಿಂಥೆಟಿಕ್ ತುಂಬಿಸಿಕೊಂಡು ಬರುವ ಗಾಡಿಗಳು ಈಗ ಬೇಕಾದಷ್ಟಿವೆ. ಅವುಗಳ ರಿಂಗ್‌ಗಳು ಸರಿಯಾಗಿಯೇ ಕೂರುತ್ತವೆ. ಕೈಪಿಡಿ ಸೆಮಿ ಅಥವಾ ಪೂರ್ಣ ಸಿಂಥೆಟಿಕ್ ಎಂದಿದ್ದರೆ ಧೈರ್ಯವಾಗಿ ಹಾಕಿಸಿ, ಅದಕ್ಕಿಂತ ಕೆಳಗಿಳಿಯಬೇಡಿ. ಮಿನರಲ್ ಸಾಕೆಂದಿರುವ 100–125 ಸಿಸಿ ಗಾಡಿಗೆ ಮೊದಲ ಸರ್ವಿಸ್‌ನಲ್ಲೇ ದುಬಾರಿ ಸಿಂಥೆಟಿಕ್ ಹಾಕಿಸುವ ಅಗತ್ಯ ನನಗೆ ಕಾಣುವುದಿಲ್ಲ. ಉಳಿದ ಸವೆತದ ಪುಡಿ ಈ ಎರಡನೇ ಎಣ್ಣೆಗೂ ಸೇರುತ್ತದೆ. ಮುಂದಿನ ಸರ್ವಿಸ್‌ನಲ್ಲಿ ಅದನ್ನು ಹೇಗೂ ಬಸಿಯುತ್ತೀರಿ. ಸಿಂಥೆಟಿಕ್ ಬೇಕೇ ಬೇಕೆಂದರೆ ಓಟ ಹದಕ್ಕೆ ಬಂದ ಮೇಲೆ ಹಾಕಿಸಿ.

7. ಕೊಳ್ಳುವಾಗ

ವಾರಂಟಿ ಇರುವಷ್ಟು ಕಾಲ ಶೋರೂಂನಲ್ಲಿ ಕಂಪನಿಯ ಎಣ್ಣೆಯನ್ನೇ ಹಾಕಿಸುವುದು ನೆಮ್ಮದಿಯ ದಾರಿ. ಸ್ವಂತ ಎಣ್ಣೆ ಕೊಡುವುದಾದರೆ ಮೊದಲೇ ಸರ್ವಿಸ್ ಅಡ್ವೈಸರ್ ಬಳಿ ಕೇಳಿ, ಜಾಬ್ ಕಾರ್ಡ್‌ನಲ್ಲಿ ಎಣ್ಣೆಯ ಹೆಸರು, ದರ್ಜೆ ಬರೆಸಿ, ಬಿಲ್ ಇಟ್ಟುಕೊಳ್ಳಿ. ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್, ಮೊಟುಲ್, ಗಲ್ಫ್ ಎಲ್ಲದರಲ್ಲೂ ದ್ವಿಚಕ್ರ ವಾಹನಗಳಿಗೆ ಎಣ್ಣೆ ಸಿಗುತ್ತದೆ. ಸರಿಯಾದ ಗುರುತುಳ್ಳ ಅಗ್ಗದ ಎಣ್ಣೆ, ತಪ್ಪು ಗುರುತಿನ ದುಬಾರಿ ಎಣ್ಣೆಗಿಂತ ಮೇಲು.

ನಕಲಿಯ ಭಯ ಎಣ್ಣೆಯಲ್ಲೂ ಇದೆ. ಪೆಟ್ರೋಲ್ ಬಂಕ್, ಅಧಿಕೃತ ಮಾರಾಟಗಾರ ಅಥವಾ ಪರಿಚಯದ ಬಿಡಿಭಾಗಗಳ ಅಂಗಡಿಯಲ್ಲಿ ಬಿಲ್ ಸಹಿತ ಕೊಳ್ಳಿ. ಮುಚ್ಚಳದ ಉಂಗುರ ಮುರಿದಿರಬಾರದು, ಒಳಗಿನ ಹಾಳೆಯ ಸೀಲ್ ಅಲುಗಿರಬಾರದು. ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಉಜ್ಜಿದರೆ ಅಳಿಸುವಂತಿರಬಾರದು. ಬಿಡಿ ಎಣ್ಣೆ ಬೇಡವೇ ಬೇಡ. ಅಧಿಕೃತ ವರ್ಕ್‌ಶಾಪ್‌ಗಳು ಬ್ಯಾರೆಲ್‌ನಿಂದ ಗನ್ ಹಿಡಿದು ತುಂಬುವುದು ಬೇರೆ ವಿಷಯ. ಅಲ್ಲಿಯೂ ಬ್ಯಾರೆಲ್ ಮೇಲಿನ ದರ್ಜೆ ನೋಡುವ ಹಕ್ಕು ನಿಮಗಿದೆ. ಬಾಟಲಿಯಲ್ಲಿ ಕೊಟ್ಟರೆ ನಿಮ್ಮೆದುರೇ ತೆರೆಯಲು ಹೇಳಿ, ಖಾಲಿ ಬಾಟಲಿಯನ್ನು ಮರಳಿ ಬಳಸದಂತೆ ಕತ್ತರಿಸಿ ಹಾಕಿ.

8. ವರ್ಕ್‌ಶಾಪ್‌ನಲ್ಲಿ ನಿಂತು ನೋಡಬೇಕಾದದ್ದು

ಎಂಜಿನ್ ಬೆಚ್ಚಗಿರುವಾಗ ಎಣ್ಣೆ ಬಸಿದರೆ ತೇಲುವ ಪುಡಿಯೂ ಜೊತೆಗೆ ಬರುತ್ತದೆ. ಗಾಡಿ ನೇರವಾಗಿ ನಿಂತಿರಲಿ. ಹನಿ ನಿಲ್ಲುವವರೆಗೆ ಕಾಯಲು ಹೇಳಿ. ಸೋಮವಾರ ಬೆಳಗಿನ ನೂಕುನುಗ್ಗಲಿನಲ್ಲಿ ಆ ಕೆಲವು ನಿಮಿಷವೂ ಸಿಗುವುದಿಲ್ಲ, ಆದ್ದರಿಂದ ವಾರದ ನಡುವೆ ಹೋಗುವುದು ಒಳ್ಳೆಯದು. ಜಾಲರಿ ಇದ್ದರೆ ಬಿಚ್ಚಿ ತೊಳೆಯಬೇಕು. ಕಾಗದದ ಫಿಲ್ಟರ್ ಇದ್ದರೆ ಎಣ್ಣೆಯ ಜೊತೆಗೇ ಬದಲಿಸಬೇಕು, ಹಳೆಯದರಲ್ಲಿ ಮೊದಲ ಪುಡಿಯೆಲ್ಲ ತುಂಬಿರುತ್ತದೆ.

ಡ್ರೈನ್ ಬೋಲ್ಟ್ ಬಳಿ ವಿಶೇಷ ಗಮನವಿರಲಿ. ಅದರಡಿಯ ವಾಷರ್ ಹೊಸದಾಗಿರಲಿ. ಎಂಜಿನ್ ಕವಚ ಅಲ್ಯುಮಿನಿಯಂನದು; ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದರೆ ಬೋಲ್ಟ್ ಕೂರುವ ತೂತಿನ ತಿರುಪಿನ ಎಳೆ (ಥ್ರೆಡ್) ಕಿತ್ತುಬರುತ್ತದೆ. ಆಮೇಲೆ ಜೀವನಪರ್ಯಂತ ಸೋರುವ ಗಾಡಿ. ಟಾರ್ಕ್ ರೆಂಚ್, ಅಂದರೆ ನಿಗದಿತ ಬಿಗಿ ಬಂದಾಗ ತಿಳಿಸುವ ಸ್ಪ್ಯಾನರ್ ಬಳಸುವಂತೆ ವಿನಯದಿಂದಲೇ ಕೇಳಿ.

ಗೇರ್‌ಲೆಸ್ ಸ್ಕೂಟರ್‌ನವರು ಇನ್ನೊಂದು ಕೇಳಬೇಕು. ಹಿಂಚಕ್ರದ ಬಳಿ ಪ್ರತ್ಯೇಕ ಗೇರ್ ಆಯಿಲ್ ಇರುತ್ತದೆ, ಸುಮಾರು ಒಂದು ಟೀ ಲೋಟದಷ್ಟು. ಮೊದಲ ಸರ್ವಿಸ್‌ಗೆ ಅದನ್ನೂ ಬದಲಿಸಬೇಕೇ ಎಂಬುದು ಪಟ್ಟಿಯಲ್ಲಿರುತ್ತದೆ.

ಮನೆಯಲ್ಲೇ ಬದಲಿಸುವವರು ಬಸಿದ ಎಣ್ಣೆಯನ್ನು ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಬಳಸಿದ ಎಣ್ಣೆ ಕಾನೂನಿನಂತೆ ಅಪಾಯಕಾರಿ ತ್ಯಾಜ್ಯ. ಡಬ್ಬಿಗೆ ತುಂಬಿ ವರ್ಕ್‌ಶಾಪ್‌ಗೆ ಕೊಟ್ಟುಬಿಡಿ. ಬರಿಗೈಯಲ್ಲಿ ಮುಟ್ಟದೆ ಕೈಗವಸು ಹಾಕಿಕೊಳ್ಳಿ.

ಕಾರಿನವರಿಗೆ

ಅನೇಕ ಹೊಸ ಕಾರುಗಳಲ್ಲಿ 1000 ಕಿ.ಮೀ. ಸರ್ವಿಸ್ ಬರೀ ತಪಾಸಣೆ; ಎಣ್ಣೆ ಬದಲಾವಣೆ ಮುಂದಿನ ಸರ್ವಿಸ್‌ಗಳಲ್ಲಿ. ಪಟ್ಟಿಯನ್ನು ನಂಬಿ. ಜಾಸೊ ಎಂಎ, ಎಂಬಿ ಗುರುತು ನಿಮಗೆ ಸಂಬಂಧವಿಲ್ಲ. ಈಗಿನ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ 0ಡಬ್ಲ್ಯೂ-16, 0ಡಬ್ಲ್ಯೂ-20ರಂಥ ತೆಳು ಎಣ್ಣೆ ಹೇಳಿದ್ದರೆ ಅದನ್ನೇ ಹಾಕಿಸಿ, ‘ಇದು ನೀರಿನಂತಿದೆ’ ಎಂದು ದರ್ಜೆ ಏರಿಸಬೇಡಿ. ಬಿಎಸ್6, ಅಂದರೆ ಈಗಿನ ಹೊಗೆ ನಿಯಮದ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಣ್ಣೆ ಸುಟ್ಟಾಗ ಉಳಿಯುವ ಬೂದಿ ಅದನ್ನು ಮೆಲ್ಲಗೆ ಕಟ್ಟಿಸುವುದರಿಂದ, ಬೂದಿ ಕಡಿಮೆಯಿರುವ ವಿಶೇಷ ಎಣ್ಣೆಯನ್ನೇ ಕೈಪಿಡಿ ಹೇಳಿರುತ್ತದೆ. ಅಲ್ಲಿ ಹಳೆಯ ಡೀಸೆಲ್ ಎಣ್ಣೆ ಹಾಕಿ ಉಳಿಸುವ ಹಣಕ್ಕಿಂತ ಫಿಲ್ಟರ್‌ನ ಬೆಲೆ ಎಷ್ಟೋ ಪಟ್ಟು ಹೆಚ್ಚು.

9. ಬದಲಿಸಿದ ಮೇಲೆ

ಎಂಜಿನ್ ಮೂರು ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿ. ಎಣ್ಣೆ ಕೆಳಗಿಳಿಯಲು ಎರಡು ಮೂರು ನಿಮಿಷ ಬಿಡಿ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನೇರ ನಿಲ್ಲಿಸಿ ಮಟ್ಟ ನೋಡಿ. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿಸಿ ನೋಡಿದ ಮಟ್ಟ ಸುಳ್ಳು. ಅಳತೆ ಕಡ್ಡಿಯನ್ನು ಒರೆಸಿ ಮತ್ತೆ ಇಳಿಸುವಾಗ, ಅನೇಕ ಗಾಡಿಗಳಲ್ಲಿ ತಿರುಪದೆ ಸುಮ್ಮನೆ ಕೂರಿಸಿ ತೆಗೆಯಬೇಕು. ತಿರುಪಿದರೆ ಕಡ್ಡಿ ಆಳಕ್ಕಿಳಿದು ಎಣ್ಣೆ ಹೆಚ್ಚಿದೆ ಎಂದು ತೋರಿಸುತ್ತದೆ. ನಿಮ್ಮ ಗಾಡಿಗೆ ಯಾವ ಕ್ರಮ ಎಂಬುದು ಕೈಪಿಡಿಯಲ್ಲಿದೆ. ಗಾಜಿನ ಕಿಂಡಿ ಇರುವ ಗಾಡಿಯಾದರೆ ಎರಡು ಗೆರೆಗಳ ನಡುವೆ ಎಣ್ಣೆ ಕಾಣಬೇಕು.

ಮರುದಿನ ಬೆಳಗ್ಗೆ ಗಾಡಿ ನಿಂತ ಜಾಗದಲ್ಲಿ ನೆಲ ನೋಡಿ, ಡ್ರೈನ್ ಬೋಲ್ಟ್ ಸುತ್ತ ಬೆರಳಾಡಿಸಿ. ತೇವವಿದ್ದರೆ ಅಂದೇ ವರ್ಕ್‌ಶಾಪ್‌ಗೆ ಹೋಗಿ. ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾದರೆ ಚಿಂತೆ ಬೇಡ, ಒಳಗಿನ ಮಸಿಯನ್ನು ತನ್ನಲ್ಲಿ ಹಿಡಿದುಕೊಳ್ಳುವುದೂ ಅದರ ಕೆಲಸ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ, ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲಿನಂಥ ಬಿಳಿ ನೊರೆ ಕಾಣಬಹುದು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರದೆ ಉಳಿದಾಗ ಹಾಗಾಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಎಡೆಬಿಡದೆ ಓಡಿಸಿದರೆ ಹೋಗುತ್ತದೆ. ಹೋಗದಿದ್ದರೆ, ಅಥವಾ ನೀರಿನಿಂದ ತಣಿಯುವ ಎಂಜಿನ್‌ನಲ್ಲಿ ಕೂಲೆಂಟ್ ಕೂಡ ಇಳಿಯುತ್ತಿದ್ದರೆ ತೋರಿಸಿ.

ಮುಂದಿನ ಸರ್ವಿಸ್‌ವರೆಗೆ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡುತ್ತಿರಿ. ರಿಂಗ್‌ಗಳು ಪೂರ್ತಿ ಕೂರುವವರೆಗೆ ಎಣ್ಣೆ ತುಸು ಇಳಿಯುವುದುಂಟು. ಕೆಳಗಿನ ಗೆರೆ ಮುಟ್ಟಿದರೆ ಅದೇ ದರ್ಜೆಯ, ಅದೇ ಗುರುತಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಎಷ್ಟು ಸೇರಿಸಿದಿರಿ, ಆಗ ಮೀಟರ್ ಎಷ್ಟಿತ್ತು ಎಂಬುದನ್ನು ಸರ್ವಿಸ್ ಪುಸ್ತಕದ ಹಿಂಪುಟದಲ್ಲಿ ಬರೆದಿಡಿ. ಪದೇಪದೇ ಸೇರಿಸಬೇಕಾಗಿ ಬಂದರೆ, ವಾರಂಟಿಯಲ್ಲಿ ಎಂಜಿನ್ ತೋರಿಸುವಾಗ ಆ ಬರಹ ನಿಮ್ಮ ಕೈಯಲ್ಲಿರಲಿ.